ಬಿದಿರಿನ ಮರೆ

ಸಂಭಾಜಿನಗರದ ಈ ಆಸ್ಪತ್ರೆಯ ಕಾಯುವ ಕೋಣೆಯ ವಿನ್ಯಾಸ ಮಾಡಿದವಳು ನಾನೇ. ಗೋಡೆಯ ಮೇಲಿಂದ ಇಳಿಯುವ ನೀರು, ಅದರ ಬುಡಕ್ಕೆ ಬೆಣಚುಕಲ್ಲು, ಆಪರೇಷನ್ ಥಿಯೇಟರಿನ ಬಾಗಿಲು ಕಾಣದಂತೆ ಸಾಲಾಗಿ ಬಿದಿರಿನ ಕುಂಡಗಳು. ಬಾಗಿಲು ಕಂಡರೆ ಜನ ಅದನ್ನೇ ನೋಡುತ್ತ ಒದ್ದಾಡುತ್ತಾರೆ, ಹಸಿರು ಕಂಡರೆ ಸಮಾಧಾನವಾಗಿರುತ್ತಾರೆ ಎಂದು ಮೀಟಿಂಗಿನಲ್ಲಿ ಉದ್ದುದ್ದ ಭಾಷಣ ಬಿಗಿದಿದ್ದೆ. 'ಇಲ್ಲಿ ನಿಲ್ಲಬಾರದು' ಎಂದು ಬಾಗಿಲಿಗೆ ಮರಾಠಿ ಬೋರ್ಡು ಹಾಕಿಸಿದ್ದೂ ನಾನೇ.

ಇವತ್ತು ಒಳಗೆ ನನ್ನ ಅಪ್ಪ ಇದ್ದಾರೆ. ಪಿತ್ತಕೋಶದ ಆಪರೇಷನ್. ಒಂದು ಗಂಟೆ ಸಾಕು ಎಂದಿದ್ದರು, ಎರಡಾಯಿತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಲ್ಲು ಎಣಿಸಿದೆ, ಎಲೆ ಎಣಿಸಿದೆ. ಸುಡುಗಾಡು ನೀರು ಒಂದೇ ಸಮನೆ ಸುರಿಯುತ್ತಿತ್ತು.

"ರುಚಿತಾ, ಈ ನೀರಿನ ಸಪ್ಪಳದಾಗ ಏನೂ ಕೇಳಸವಲ್ದು. ಅಪ್ಪಾರ ಹೆಸರು ಕರದ್ರ ಹೆಂಗ ಗೊತ್ತಾಗ್ತದ?" ಎಂದಳು ಅವ್ವ. ಅಪ್ಪನ ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯಪುರದಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿದೆ.

"ಕರೀತಾರವ್ವಾ, ನೀ ಸುಮ್ನ ಕೂಡು," ಎಂದು ಸಿಡುಕಿದೆ.

ಶತಪಥ ಹಾಕುತ್ತ ಬಿದಿರಿನಾಚೆ ಇಣುಕಿದರೆ, ಬೋರ್ಡಿನ ಕೆಳಗೇ ಒಬ್ಬ ಮುದುಕ ನಿಂತಿದ್ದ. ಗಂಗಾಪುರದವನಂತೆ, ಹೆಸರು ತುಕಾರಾಮ, ಹೆಂಡತಿ ಒಳಗಿದ್ದಾಳೆಂದು ಅವ್ವನಿಗೆ ಹೇಳಿದ್ದನಂತೆ. ಕಾವಲುಗಾರ ಎರಡು ಸಲ ಓಡಿಸಿದರೂ ಮತ್ತೆ ಅಲ್ಲಿಗೇ ಬಂದಿದ್ದ. ಇಂಥವರಿಂದಲೇ ನನ್ನ ಕೋಣೆಯ ಅಂದ ಕೆಡುವುದೆಂದು ಮೈ ಉರಿಯಿತು. ಬಂದು ಕೂತೆ.

ಸ್ವಲ್ಪ ಹೊತ್ತಿಗೆ ಅವನೇ ಬಿದಿರು ಸರಿಸಿಕೊಂಡು ಬಂದು ಕೂಗಿದ. "ರಘೋತ್ತಮ್ ಕುಣಾಚೇ?" ರಘೋತ್ತಮರ ಕಡೆಯವರು ಯಾರು, ಸಿಸ್ಟರ್ ಆಗಿನಿಂದ ಕರೆಯುತ್ತಿದ್ದಾರೆ ಎಂದು ಮರಾಠಿಯಲ್ಲಿ ಗದರಿದ.

ಅಪ್ಪನ ಹೆಸರು ಕೇಳಿದ್ದೇ ಓಡಿದೆ. ಮೂರು ಸಲ ಕರೆದೆನಲ್ಲ ಎಂದು ನರ್ಸ್ ಕಾಗದ ಚಾಚಿದಳು. ಸಣ್ಣ ತೂತಿನಲ್ಲಿ ದುರ್ಬೀನು ಹಾಕಿ ಮಾಡಲು ಆಗುತ್ತಿಲ್ಲ, ಹೊಟ್ಟೆ ಕೊಯ್ಯಬೇಕು. ಮನೆಯವರ ಒಂದು ಸಹಿಗಾಗಿ ಡಾಕ್ಟರು ಒಳಗೆ ಕಾಯುತ್ತಿದ್ದರು. ಅಲ್ಲೇ ನಿಂತು ಸಹಿ ಹಾಕಿದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಹೊರಬಂದವಳೇ ನೀರಿನ ಸ್ವಿಚ್ ಆರಿಸಿದೆ. ಕೂತವರೆಲ್ಲ ತಲೆ ಎತ್ತಿ ನೋಡಿದರು. ಒಂದು ಕುಂಡ ಎಳೆಯಲು ಹೋದೆ, ಕದಲಲಿಲ್ಲ. ತುಕಾರಾಮ ಕಾಕಾ ಬಂದು ಇನ್ನೊಂದು ಬದಿ ಹಿಡಿದರು. ಒಂದೊಂದಾಗಿ ಎಲ್ಲವನ್ನೂ ಗೋಡೆಗೆ ಒತ್ತಿದೆವು. ಅವ್ವ ಎದ್ದು ಬಂದು ಬಾಗಿಲ ಮುಂದೆ ನಿಂತಳು. ನಾನೂ ಅವಳ ಪಕ್ಕಕ್ಕೆ ನಿಂತೆ.

ಕಾವಲುಗಾರ ಬೋರ್ಡು ತೋರಿಸಿ, ಇಲ್ಲಿ ನಿಲ್ಲಬಾರದು ಮ್ಯಾಡಂ ಎಂದ.

"ಗೊತ್ತು. ಅದನ್ನು ಬರೆಸಿದವಳು ನಾನೇ," ಎಂದೆ. ಅಲ್ಲಿಂದ ಕದಲಲಿಲ್ಲ.