ಬೇವಿನಡಿಯ ಕಾಡರಿಸಿಣ

"ಹೆಂಗದ?" ಎಂದ ಗುರುಲಿಂಗಪ್ಪ.

ಶಿವಕಾಂತಮ್ಮ ಕೈಯಲ್ಲಿದ್ದ ಬ್ಯಾಗನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ತಂಗಿಯ ಮಗಳ ಬಾಣಂತನಕ್ಕೆ ಕಾಳಗಿಗೆ ಹೋಗಿ ಹದಿನೈದು ದಿನ ಇದ್ದು ಬಂದಿದ್ದಳು. ಅಷ್ಟರಲ್ಲಿ ಗಂಡ ಹಿತ್ತಲಿಗೆಲ್ಲ, ಬೇವಿನ ಮರದ ಬುಡದ ತನಕ, ಹೊಸ ಫರಸಿಕಲ್ಲು ಹಾಸಿಸಿ ಸಂದಿಗೆ ಸಿಮೆಂಟು ತುಂಬಿಸಿದ್ದ. ಶಹಾಬಾದದಲ್ಲಿ ಫರಸಿ ಕೊಯ್ಯುವ ಅಂಗಡಿ ಇಟ್ಟವನು. ಬರಿಯ ಮಣ್ಣು ಕಂಡರೆ ಅವನಿಗೆ ಕೈ ತುರಿಸುತ್ತದೆ.

"ಇಲ್ಲಿದ್ದ ನನ್ನ ಗಡ್ಡಿ?"

"ಯಾವ ಗಡ್ಡಿ? ಒಂದು ಎಲಿ ಸುದ್ದಾ ಇರಲಿಲ್ಲ. ಎಲ್ಲಾ ಒಣಗಿ ಸತ್ತಿದ್ವು."

ಶಿವಕಾಂತಮ್ಮನ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷದ ಹಿಂದೆ ಚಿಂಚೋಳಿ ಕಾಡಿನ ಅಂಚಿನಲ್ಲಿ ರಸ್ತೆ ಅಗಲ ಮಾಡುವಾಗ ಜೆಸಿಬಿ ಕೆದರಿ ಹಾಕಿದ ಮಣ್ಣಿನಲ್ಲಿ ಆರಿಸಿ ತಂದ ಏಳು ಗಡ್ಡೆ ಅವು. ಅವು ಬೆಳೆದಿದ್ದ ಜಾಗದಲ್ಲಿ ಈಗ ಡಾಂಬರು. ಸೇಡಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಬಷೀರಾ ಫೋಟೊ ನೋಡಿ, "ಎಲಿ ಅರಿಸಿಣದಂಗೇ ಅದ ಅಕ್ಕಾ. ಕಾಡರಿಸಿಣ ಇರಬಹುದು. ಹೂ ತೋರಿಸ್ರಿ, ಆಗ ಖರೇ ಹೇಳ್ತೀನಿ" ಎಂದಿದ್ದಳು. ಬಿಸಿಲು ತಾಗದ ಬೇವಿನ ನೆರಳಲ್ಲಿ, ಉದುರೆಲೆಯ ಗೊಬ್ಬರ ಹಾಕಿ ಸಾಕಿದರೂ ಮೂರು ಮಳೆಗಾಲ ಬರೀ ಎಲೆಯೇ ಬಂತು. ಈ ಸಲವಾದರೂ ಹೂ ಬಿಟ್ಟೀತೆಂದು ಅವಳು ದಿನ ಎಣಿಸುತ್ತಿದ್ದಳು.

"ಬ್ಯಾಸಗ್ಯಾಗ ಎಲಿ ಒಣಗತಾವ, ಗಡ್ಡಿ ನೆಲದಾಗ ಮಲಗಿರತಾವ ಅಂತ ಪ್ರತಿ ವರ್ಷ ಹೇಳೀನಿಲ್ರಿ? ಊಟಕ್ಕ ಕುಂತಾಗ ಹೇಳೀನಿ. ಹೂಂ ಹೂಂ ಅಂತ ರೊಟ್ಟಿ ಮುರಕೊಂಡು ತಿಂದೀರಿ."

"ಹೇಳಿರಬಹುದು, ಮರತೆ. ನಿನಗ ಕೆಸರಾಗಬಾರದಂತ ಹಾಸಿಸೀನಿ. ಅದೂ ತಪ್ಪಾ?"

"ಅಗದು ತಗದ ಮಣ್ಣು ಎಲ್ಲಿ ಚೆಲ್ಲೀರಿ?"

"ಅಂಗಡಿ ಹಿಂದಿನ ತಗ್ಗಿನಾಗ."

ಒಂದು ಗುಟುಕು ನೀರೂ ಕುಡಿಯದೆ ಹೊರಟಳು. ತಗ್ಗಿನಲ್ಲಿ ಕಲ್ಲು ಕೊಯ್ದ ಬಿಳಿ ರಾಡಿ ಮಣ್ಣಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಮಷೀನಿನ ಆಳುಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದು ಸೀರೆ ಎತ್ತಿ ಸಿಕ್ಕಿಸಿ ಸಂಜೆತನಕ ಕೆದರಿದಳು. ಆರು ಗಡ್ಡೆ ಜಜ್ಜಿಹೋಗಿದ್ದವು. ಒಂದು ಮಾತ್ರ ಇಡಿಯಾಗಿ ಸಿಕ್ಕಿತು.

ಮನೆಗೆ ಬಂದವಳೇ ಹಾರೆ ತಗೊಂಡು ಬೇವಿನ ಬುಡದ ಒಂದು ಫರಸಿ ಎಬ್ಬಿಸಿದಳು.

"ಏ, ಹೊಸಾ ಕಲ್ಲದು!"

"ಬಾಯಿ ಮುಚ್ಕೊಂಡು ಒಳಗ ಹೋಗ್ರಿ."

ಗುರುಲಿಂಗಪ್ಪ ಒಳಗೆ ಹೋದ.

ಮಳೆ ಹಿಡಿದು ತಿಂಗಳಾದ ಮೇಲೆ ಬಷೀರಾ ಸೇಡಂನಿಂದ ಬಂದಳು. ಕಲ್ಲು ತೆಗೆದು ಗಡ್ಡೆ ನೆಟ್ಟ ಚೌಕದಲ್ಲಿ ದಂಟೊಂದು ನೆಲದಿಂದ ನೇರ ಎದ್ದಿತ್ತು. ತುದಿಗೆ ಗುಲಾಬಿ ಎಸಳು, ಕೆಳಗೆ ಸಂದಿಗಳಲ್ಲಿ ಹಳದಿ ಹೂ. ಬಷೀರಾ ಕುಕ್ಕರಗಾಲಲ್ಲಿ ಕೂತು ಸುತ್ತಲಿಂದ ನೋಡಿದಳು.

"ಖರೇನೇ ಕಾಡರಿಸಿಣ, ಅಕ್ಕಾ!"

ಶಿವಕಾಂತಮ್ಮ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಅಷ್ಟರಲ್ಲಿ ಗುರುಲಿಂಗಪ್ಪ ಇಬ್ಬರು ಗಿರಾಕಿಗಳನ್ನು ಕರಕೊಂಡು ಹಿತ್ತಲಿಗೆ ಬಂದ.

"ಬರ್ರಿ, ನೋಡ್ರಿ. ಚಿಂಚೋಳಿ ಕಾಡಿಂದು. ಬ್ಯಾಸಗ್ಯಾಗ ಎಲಿ ಒಣಗತಾವ, ಗಡ್ಡಿ ನೆಲದಾಗ ಮಲಗಿರತಾವ. ಭಾಳ ಮಂದಿಗಿ ಗೊತ್ತಿರೂದಿಲ್ಲ, ಸತ್ತಾವಂತ ತಿಳಕೋತಾರ. ಅದಕ್ಕಂತೇ ನಾ ಒಂದು ಫರಸಿ ಬಿಟ್ಟು ಹಾಸಿಸೀನಿ."

ಶಿವಕಾಂತಮ್ಮ ಎದ್ದು ಒಳಗೆ ಹೋದಳು. ಚಹಾ ಮಾಡಲು ಹೋದಳೆಂದು ಗಿರಾಕಿಗಳು ಕಟ್ಟೆಯ ಮೇಲೆ ಕೂತರು. ಅವಳು ಹಾರೆ ತಗೊಂಡು ಬಂದಳು.

"ಸ್ವಲ್ಪ ಸರೀರಿ" ಎಂದು ಗಂಡನಿಗೆ ಹೇಳಿ, ಹೂವಿನ ಪಕ್ಕದ ಫರಸಿಯ ಸಂದಿಗೆ ಮೊನೆಯಿಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು.