ಮೌನದ ಗಡುವು

ಆ ಶುಕ್ರವಾರ ಇಪ್ಪತ್ತೇಳು ದೇಶಗಳ ಶಾಲಾಮಕ್ಕಳ ಭವಿಷ್ಯವೆಲ್ಲ ಒಂದೇ ಒಂದು ಘನಕಾರ್ಯದ ಮೇಲೆ ನಿಂತಿತ್ತು: ಮಧ್ಯಾಹ್ನ ಹನ್ನೆರಡರವರೆಗೆ ಯಾರೂ ಬಾಯಿ ಬಿಡಬಾರದು. ಯುರೋಪಿಯನ್ ಒಕ್ಕೂಟದ ಬ್ರಸೆಲ್ಸ್ ಕಚೇರಿಯ ಪದ್ಧತಿಯೇ ಹಾಗೆ. ಶಿಫಾರಸಿನ ಕರಡನ್ನು ಎಲ್ಲ ರಾಜಧಾನಿಗಳಿಗೂ ಕಳಿಸಿ ಗಡುವು ಕೊಡುತ್ತಾರೆ. ಅಷ್ಟರೊಳಗೆ ಯಾರೂ ಆಕ್ಷೇಪಿಸದಿದ್ದರೆ ಎಲ್ಲರೂ ಒಪ್ಪಿದಂತೆ.

ಹನ್ನೊಂದೂಕಾಲಿಗೆ, ಬಾಲ್ಟಿಕ್ ತೀರದ ಪುಟ್ಟ ದೇಶವೊಂದರ ಪ್ರತಿನಿಧಿ ಹೆಲ್ವೆಯ ಫೋನು ಗುಣುಗುಟ್ಟಿತು. ಊರಿನ ಶಿಕ್ಷಣ ಇಲಾಖೆಯಿಂದ ಮೇಲಧಿಕಾರಿ ಉರ್ಮಾಸ್.

"ಆರನೇ ಪ್ಯಾರಾ ನೋಡಿದ್ಯೇನಮ್ಮ? ಮಕ್ಕಳು ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಶಾಲೆ ಮುಚ್ಚಬಾರದಂತೆ. ಯಾವನೋ ಪೋರ್ಚುಗಲ್‌ನವನ ಕೆಲಸ ಇರ್ಬೇಕು."

"ಇರಬಹುದು."

"ವಸಂತಕ್ಕೆ ಒಂಬತ್ತು ಶಾಲೆ ಮುಚ್ಚೋರು ನಾವು, ಅಲ್ಲಿ ಇದಕ್ಕೆ ತಲೆಯಾಡಿಸಿ ಕೂತ್ರೆ ಹೇಗೆ? ಹನ್ನೆರಡರೊಳಗೆ ಆಕ್ಷೇಪಣೆ ಕಳಿಸಿಬಿಡು."

ಆ ಸಾಲು ಹೆಲ್ವೆಯದೇ. ಮೂರು ವಾರದ ಹಿಂದೆ, ಊಟವಾದ ಮೇಲಿನ ಮಂಪರಿನಲ್ಲಿ ಸಭೆ ತೂಕಡಿಸುತ್ತಿದ್ದಾಗ ಮೆಲ್ಲಗೆ ಓದಿ ಹೇಳಿದ್ದಳು. ಮಾಲ್ಟಾದವಳು ತಲೆದೂಗಿದ್ದಳು, ಮೆಚ್ಚಿಯೋ ನಿದ್ದೆ ಬಂದೋ. ಅಧ್ಯಕ್ಷರು ಬರೆದುಕೊಂಡಿದ್ದರು. ಕರಡು ಸೇರಿದ ಸಾಲಿಗೆ ಹೆತ್ತವರ ಹೆಸರಿರುವುದಿಲ್ಲ. ಇಂಥ ಶಿಫಾರಸನ್ನು ಪಾಲಿಸಲೇಬೇಕೆಂದೂ ಇಲ್ಲ. ಆದರೆ ಊರಿನಲ್ಲಿ "ಯುರೋಪೇ ಹೇಳಿದೆ" ಎಂದು ಹಿಡಿದು ತೋರಿಸಬಹುದು.

ಒಂಬತ್ತರಲ್ಲಿ ಒಂದು, ಅವಳು ಕಲಿತ ದ್ವೀಪದ ಶಾಲೆ. ಈಗ ಹನ್ನೊಂದು ಮಕ್ಕಳು, ಒಂದೇ ಕೋಣೆ.

ಆಕ್ಷೇಪಣೆ ಮೂರೇ ಸಾಲಿನದು, ಬರೆದಿಟ್ಟಳು. ಕಿಟಕಿಯಾಚೆ ಮಂಜು ಬೀದಿಯನ್ನು ನುಂಗಿತ್ತು. ಎದುರಿನ ಕಟ್ಟಡ ಲಂಗರು ಕಿತ್ತ ಹಡಗಿನಂತೆ ತುಸು ಅಲುಗಿದಂತೆ ಕಂಡಿತು. ಒಲೆಯ ಪಕ್ಕ ಒಣಗುವ ಉಣ್ಣೆಯ ಕೈಗವಸುಗಳ ವಾಸನೆ ಎಲ್ಲಿಂದಲೋ ಬಂತು. ದ್ವೀಪದ ಶಾಲೆಯಲ್ಲಿ ಒಂದನೆಯ ತರಗತಿಯವರು ಮಗ್ಗಿ ಹೇಳುತ್ತಿದ್ದರು, ಆರನೆಯವರು ಅದೇ ಕೋಣೆಯಲ್ಲಿ ನದಿಗಳ ಹೆಸರು. ಎರಡೂ ಕಲೆತು ಒಂದೇ ಹಾಡಾಗಿತ್ತು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಮಕ್ಕಳು ನಡೆದು ಬರುತ್ತಿದ್ದರು, ಯಾವ ಅವಸರವೂ ಇಲ್ಲದೆ.

"ಕಾಫಿಗೆ ಬರ್ತೀಯೇನೇ?" ಬಾಗಿಲಲ್ಲಿ ಐರ್ಲೆಂಡಿನ ಪ್ರತಿನಿಧಿ ಫರ್ಗಲ್.

"ಬಾಯಿ ಬಿಡು ಅಂತ ಊರಿಂದ ಹೇಳಿದಾರೆ."

"ಶುಕ್ರವಾರ ಬಾಯಿ ಬಿಟ್ಟೋರನ್ನ ಇಲ್ಲಿ ಯಾರೂ ಕ್ಷಮಿಸಲ್ಲ ಕಣೇ. ಎಲ್ಲರೂ ಒಂದೂವರೆ ರೈಲಿಗೆ ಟಿಕೆಟ್ ಮಾಡ್ಸಿದಾರೆ."

ಹೆಲ್ವೆ ಪರದೆಯನ್ನೊಮ್ಮೆ ನೋಡಿದಳು. ಪತ್ರವನ್ನು ಹಾಗೆಯೇ ಬಿಟ್ಟು ಕೋಟು ಹಾಕಿಕೊಂಡಳು.

ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಎಲ್ಲ ರಾಜಧಾನಿಗಳಿಗೂ ಸಂದೇಶ ಹೋಯಿತು: ಆಕ್ಷೇಪಣೆಗಳು ಬಂದಿಲ್ಲ, ಕರಡು ಅಂಗೀಕೃತವಾಗಿದೆ. ಮುಂದಿನ ತಿಂಗಳು ಹೆಲ್ವೆಯನ್ನು ವಾಪಸು ಕರೆಸಿಕೊಂಡರು. ದ್ವೀಪದವರು ಆರನೇ ಪ್ಯಾರಾವನ್ನು ಶಾಲೆಯ ಬಾಗಿಲಿಗೆ ಅಂಟಿಸಿದರು. ವಸಂತದಲ್ಲಿ ಇಲಾಖೆ ಎಂಟು ಶಾಲೆಗಳನ್ನು ಮುಚ್ಚಿತು.