ಹೇಮಶ್ರೀಯ ಟೈಲರಿಂಗ್ ಕ್ಲಾಸು

"ತೋಳು ಮಡಚೋಕೆ ಬಿಡು ಅತ್ತಿಗೆ, ಅರಿಶಿನ ಹಚ್ಬೇಕು," ಎಂದು ನಾದಿನಿ ಯಲ್ಲಮ್ಮ ಹೇಮಶ್ರೀಯ ಹೆಣದ ರವಿಕೆಗೆ ಕೈ ಹಾಕಿದಾಗ ಗೌರಮ್ಮ ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕೂತುಬಿಟ್ಟಳು.

"ಮುಖಕ್ಕೆ ಹಚ್ಚು, ಪಾದಕ್ಕೆ ಹಚ್ಚು. ಸಾಕು."

"ಮುತ್ತೈದೆ ಸತ್ತವ್ಳೆ! ಕೈಗೆ ಅರಿಶಿನ ಇಲ್ದೆ, ಹಸಿರು ಬಳೆ ಇಲ್ದೆ ಕಳಿಸ್ತಾರಾ?"

ಹುಳಿಮಾವು ಬಡಾವಣೆಯ ಆ ಮನೆಯ ಅಂಗಳದಲ್ಲಿ ಹೆಂಗಸರು ಸೀರೆಯ ಮರೆ ಹಿಡಿದು ನಿಂತಿದ್ದರು. ಹೇಮಶ್ರೀಗೆ ನಶೆಯ ಸೂಜಿ ಚುಚ್ಚಿಕೊಳ್ಳುವುದನ್ನು ಕಲಿಸಿ, ಮಗುವಿನೊಂದಿಗೆ ತವರಿನ ಬಾಗಿಲಲ್ಲಿ ಬಿಟ್ಟುಹೋದ ಗಂಡನೆಂಬ ಪುಣ್ಯಾತ್ಮ ಎಲ್ಲೋ ಬದುಕಿದ್ದಾನೆ. ಅವನು ಬದುಕಿರುವ ಭಾಗ್ಯಕ್ಕೆ ಇವಳದು ಮುತ್ತೈದೆ ಸಾವು. ಗೌರಮ್ಮ ವಿಧವೆ, ಅರಿಶಿನದ ಬಟ್ಟಲು ಮುಟ್ಟುವಂತಿಲ್ಲ. ಮುಟ್ಟುವಂತಿದ್ದರೆ ಬಾಗಿಲು ಹಾಕಿಕೊಂಡು ತಾನೇ ಎಲ್ಲ ಮುಗಿಸುತ್ತಿದ್ದಳು. ಯಲ್ಲಮ್ಮ ಆ ತೋಳು ನೋಡಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮೊಮ್ಮಗಳು ಧೃತಿ ಬೆಳೆದು ದೊಡ್ಡವಳಾದರೂ ಜನ ಆ ಮಾತು ಬಿಡುವುದಿಲ್ಲ.

"ಬೇಸಿಗೇಲೂ ಅದೇನು ಉದ್ದ ತೋಳೋ," ಯಲ್ಲಮ್ಮ ಗೊಣಗಿದಳು. "ಅಷ್ಟು ವರ್ಷ ಬನಶಂಕರಿಗೆ ಟೈಲರಿಂಗ್ ಕ್ಲಾಸಿಗೆ ಹೋದ್ಲು. ನಂಗೊಂದು ರವಿಕೆ ಹೊಲ್ಕೊಡ್ಲಿಲ್ಲ."

*

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗೌರಮ್ಮ ಅನುಮಾನ ತಾಳಲಾರದೆ ಮಗಳ ಹಿಂದೆಯೇ ಬಸ್ಸು ಹತ್ತಿದ್ದಳು. ಹೇಮ ಹೊಕ್ಕ ಕಟ್ಟಡದ ಹೊರಗೆ ಟೈಲರಿಂಗ್ ಬೋರ್ಡಿತ್ತು, ಕಿಟಕಿಯ ಬಳಿ ಹೊಲಿಗೆ ಮಿಷನ್ನೂ ಇತ್ತು. ಪರದೆಯ ಹಿಂದೆ ಮಾತ್ರ ನರ್ಸ್ ಸೌಮ್ಯ, ಹೇಮಳ ತೋಳಿನಲ್ಲಿ ಕೀವುಗಟ್ಟಿದ ಹುಣ್ಣು ತೊಳೆಯುತ್ತಿದ್ದಳು. ಮೂಲೆಯಲ್ಲಿ ಬೇರೆ ಹೆಂಗಸರ ಮಕ್ಕಳು ಆಡುತ್ತಿದ್ದವು.

"ಗಂಡಸ್ರು ಬರೋ ನಶೆ ಬಿಡಿಸೋ ಸೆಂಟರಿಗೆ ಹೋದ್ರೆ ಹಿಂದೇನೇ ಬರ್ತಾರಮ್ಮ, ಕಾಟ ಕೊಡ್ತಾರೆ. ಅದ್ಕೇ ಇದು ಹೆಂಗಸರಿಗೆ ಮಾತ್ರ," ಎಂದಳು ಸೌಮ್ಯ. "ಮನೇಲಿ ಹೇಳ್ಕೊಳ್ಳೋಕೆ ಒಂದು ಹೆಸರು ಬೇಕಲ್ಲ, ಮಿಷನ್ ಇಟ್ಟಿದೀವಿ."

"ಈ ಚಟ ಬಿಡಿಸ್ತೀರಾ?"

"ಬಿಡ್ತೀನಿ ಅಂದ್ರೆ ಜೊತೆಗಿರ್ತೀವಿ. ಆಗ್ಲಿಲ್ಲ ಅಂದ್ರೆ ರೋಗ ಅಂಟದ ಹಾಗೆ ಹೊಸ ಸೂಜಿ ಕೊಡ್ತೀವಿ. ಮೊದ್ಲು ಬದುಕಿರ್ಬೇಕಲ್ಲ?"

ಗೌರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೂಜಿ ಕೊಡುವುದೂ ಒಂದು ಧರ್ಮವೇ? ಆದರೆ ಅಲ್ಲಿಯವರೆಗೆ ಎಲ್ಲೆಲ್ಲೋ ಬಿದ್ದಿರುತ್ತಿದ್ದ ಹೇಮ, ಆ ಕ್ಲಾಸಿಗೆ ಹೋಗತೊಡಗಿದ ಮೇಲೆ ಸಂಜೆಗೆ ಮನೆಗೆ ಬಂದಳು. ಮಗಳಿಗೆ ಜಡೆ ಹಾಕಿದಳು, ಸೊಪ್ಪಿನ ಸಾರು ಮಾಡಿದಳು. ಬರಬರುತ್ತಾ ಸೂಜಿ ಬಿಟ್ಟು, ನಶೆಯ ಬದಲಿಗೆ ಅಲ್ಲಿ ಕೊಡುವ ಮಾತ್ರೆಯ ಮೇಲೆ ದಿನ ತಳ್ಳಿದಳು. ಹಳೆಯ ಸೂಜಿಗಳಿಂದ ಲಿವರಿಗೆ ತಗುಲಿದ್ದ ಕಾಯಿಲೆ ಮಾತ್ರ ಅವಳನ್ನು ಬಿಡಲಿಲ್ಲ. ಗೌರಮ್ಮ ನೆಂಟರಿಗೆಲ್ಲ 'ಟೈಲರಿಂಗ್ ಕ್ಲಾಸು' ಎಂದು ಬಾಯಿ ತುಂಬ ಹೇಳಿದಳು. ಆದರೆ ಆ ತೋಳನ್ನು ಒಮ್ಮೆಯೂ ಮುಟ್ಟಿರಲಿಲ್ಲ.

*

"ಹೇಮನ ಕ್ಲಾಸಿನೋರಂತೆ," ಎಂದು ಯಾರೋ ದಾರಿ ಬಿಟ್ಟರು. ನಾಲ್ವರು ಹೆಂಗಸರು ಮರೆಯೊಳಗೆ ಬಂದರು. ಅಷ್ಟು ಬಿಸಿಲಲ್ಲೂ ನಾಲ್ವರದೂ ಉದ್ದ ತೋಳು. ಮುಂದಿದ್ದವಳು ಮಾರ್ಕೆಟ್ಟಿನಲ್ಲಿ ಹೂ ಮಾರುವ ಕೆಂಚವ್ವ. ಕನಕಾಂಬರದ ಪೊಟ್ಟಣ ಕೆಳಗಿಟ್ಟು ಗೌರಮ್ಮನ ಹಿಡಿತ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ನಾವು ಹಚ್ತೀವಮ್ಮ."

"ನೀವ್ಯಾರು ಹಚ್ಚೋಕೆ?" ಯಲ್ಲಮ್ಮ ಗದರಿದಳು.

"ಎಲ್ಲಾರ್ದೂ ಒಂದೇ ಕ್ಲಾಸು ಅಕ್ಕ," ಎಂದ ಕೆಂಚವ್ವ ತನ್ನ ರವಿಕೆಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದಳು. ಕಪ್ಪುಗಟ್ಟಿದ ನರ, ಹಳ್ಳ ಬಿದ್ದ ಕಲೆ. ಹಿಂದಿದ್ದ ಮೂವರೂ ಒಬ್ಬೊಬ್ಬರಾಗಿ ಮಡಚಿದರು.

ಮರೆ ಹಿಡಿದವರ ಕೈ ಸಡಿಲವಾಯಿತು. ಇವರಿಗೂ ಮನೆಯಿದೆ, ಮಕ್ಕಳಿದ್ದಾರೆ, ಆದರೂ ತನ್ನ ಮಗಳಿಗಾಗಿ ಮಾನ ಬಿಚ್ಚಿಟ್ಟರಲ್ಲ ಎಂದು ಗೌರಮ್ಮನಿಗೆ ದುಃಖ ಉಕ್ಕಿ ಬಂತು. ಮಣಿಕಟ್ಟು ಬಿಟ್ಟಳು. ಮಗಳ ರವಿಕೆಯ ತೋಳನ್ನು ತಾನೇ ಮಡಚಿ, ಅರಿಶಿನದ ಬಟ್ಟಲಿಗೆ ಕೈ ಅದ್ದಿದಳು.

"ಅತ್ತಿಗೆ, ನೀನು ಮುಟ್..." ಯಲ್ಲಮ್ಮನ ಮಾತು ಅಲ್ಲಿಗೇ ನಿಂತಿತು.

ಗೌರಮ್ಮ ಒಂದೊಂದು ಕಲೆಯ ಮೇಲೂ ಬೆರಳಾಡಿಸುತ್ತಾ ಅರಿಶಿನ ಸವರಿದಳು. ಹೊರಗೆ ಚಟ್ಟ ಕಟ್ಟುತ್ತಿದ್ದ ಗಂಡಸರಲ್ಲಿ ಒಬ್ಬ ಇತ್ತ ತಿರುಗಿದ. ಯಲ್ಲಮ್ಮ ಎದ್ದು, ಜೋತುಬಿದ್ದಿದ್ದ ಸೀರೆಯ ಅಂಚನ್ನು ಎಳೆದು ತನ್ನ ತಲೆಗಿಂತ ಎತ್ತರಕ್ಕೆ ಹಿಡಿದಳು.

"ಮರೆ ಸರಿಯಾಗಿ ಹಿಡೀರ್ರೇ," ಎಂದಳು.